ಮಕ್ಕಳಿಗೊಂದು ಜಗಲಿ

ಮಲೆನಾಡಿನ ಮಳೆಗಾಲವನ್ನು ಕಂಡವರಿಗೆ ಅದನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ಜೂನ್ ತಿಂಗಳಲ್ಲಿ ಹಿಡಿದ ಮಳೆ ಆಗಸ್ಟ್ ಕಳೆಯುವವರೆಗೂ ಬಿಡುವುದಿಲ್ಲ. ಅಂಗಳದ ತುಂಬ ಹಾವಸೆ, ಕಾಲಿಟ್ಟರೆ ಜಾರುತ್ತದೆ. ಬಟ್ಟೆ ಒಣಗುವುದಿಲ್ಲ, ಸೌದೆ ನೆಟ್ಟಗೆ ಉರಿಯುವುದಿಲ್ಲ. ದುಡಿಯುವವರು ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಗೆ ಇಳಿಯುತ್ತಾರೆ; ಮುದುಕರು ಬಚ್ಚಲೊಲೆಯ ಬೆಂಕಿಯ ಮುಂದೆ ಕೂರುತ್ತಾರೆ. ನಡುವೆ ಉಳಿಯುವವರು ಮಕ್ಕಳು. ಈ ಮೂರು ತಿಂಗಳು ಮಕ್ಕಳನ್ನು ಏನು ಮಾಡುವುದು ಎಂಬ ಪ್ರಶ್ನೆ ನನ್ನ ತಾಯಿಯನ್ನಾಗಲಿ ಅಜ್ಜಿಯನ್ನಾಗಲಿ ಎಂದಾದರೂ ಕಾಡಿದ್ದು ನನಗೆ ನೆನಪಿಲ್ಲ. ಏಕೆಂದರೆ ನಮ್ಮ ಮನೆಗೆ ಜಗಲಿ ಇತ್ತು.

ತೀರ್ಥಹಳ್ಳಿಯ ಸಮೀಪದ ಆ ಮನೆಯ ಜಗಲಿ ಪೂರ್ತಿ ಮನೆಯೂ ಅಲ್ಲ, ಪೂರ್ತಿ ಬಯಲೂ ಅಲ್ಲ. ತಲೆಯ ಮೇಲೆ ಮಾಡು; ಎದುರಿಗೆ ಗೋಡೆಯಿಲ್ಲ. ಕೈಚಾಚಿದರೆ ಸಿಕ್ಕುವಷ್ಟು ಹತ್ತಿರದಲ್ಲಿ ಮಳೆ ಸುರಿಯುತ್ತಿದ್ದರೂ ಮೈ ತೋಯುತ್ತಿರಲಿಲ್ಲ. ನೆರೆಯ ಎರಡು ಮೂರು ಮನೆಗಳ ಮಕ್ಕಳು ಗೊರಬು ಸೂಡಿಕೊಂಡು ಬಂದು ಸೇರುತ್ತಿದ್ದರು. ಸ್ವಲ್ಪ ದೊಡ್ಡವರು ಚೆನ್ನೆಮಣೆಯ ಮುಂದೆ: ಎರಡು ಸಾಲಿನಲ್ಲಿ 14 ಗುಳಿ, ಗುಳಿಗೆ ನಾಲ್ಕರಂತೆ ಕಾಳು. ಇನ್ನು ಕೆಲವರು ನೆಲದ ಮೇಲೆ ಚೌಕಾಬಾರದ ಮನೆ ಬರೆದು, ಹುಣಿಸೆಬೀಜವನ್ನು ಅರ್ಧಕ್ಕೆ ತೇಯ್ದು ದಾಳ ಮಾಡಿಕೊಂಡು ಕೂರುತ್ತಿದ್ದರು. ತೀರ ಎಳೆಯವು ಇವರೆಲ್ಲರ ಕಾಲ ನಡುವೆ ತೆವಳುತ್ತ, ಆಟ ಕೆಡಿಸುತ್ತ, ಬೈಸಿಕೊಳ್ಳುತ್ತ, ಬೆಳೆಯುತ್ತಿದ್ದವು. ಮೂಲೆಯಲ್ಲಿ ಅಜ್ಜ ಹಗ್ಗ ಹೊಸೆಯುತ್ತ ಕುಳಿತಿರುತ್ತಿದ್ದರು. ಅವರು ಯಾರನ್ನೂ ನೋಡಿಕೊಳ್ಳುತ್ತಿರಲಿಲ್ಲ. ಆದರೆ ಯಾವ ಮಗುವೂ ಅವರ ಕಣ್ಣು ತಪ್ಪಿಸಿ ಮೆಟ್ಟಿಲಿನವರೆಗೆ ಹೋದದ್ದಿಲ್ಲ.

ಇದನ್ನು ಹಳೆಯ ಕಾಲದ ವೈಭವವನ್ನು ಹೊಗಳಲೆಂದು ಹೇಳುತ್ತಿಲ್ಲ. ಆ ಜಗಲಿಯ ಒಂದು ಕೊರತೆಯನ್ನೂ ಈ ಮಾತು ಮುಗಿಯುವ ಮುನ್ನ ನಿಮ್ಮ ಮುಂದಿಡಬೇಕಾಗಿದೆ. ಮೊದಲು, ಜಗಲಿ ಇಲ್ಲದ ಮನೆಯಲ್ಲಿ ಎಳೆಯ ಮಕ್ಕಳನ್ನು ಸಾಕುವುದೆಂದರೇನು ಎಂಬುದನ್ನು ನಾನು ಕಲಿತ ಬಗೆಯನ್ನು ಹೇಳುತ್ತೇನೆ.

ಮೂರು ವರ್ಷದ ಹಿಂದಿನ ಜುಲೈ ತಿಂಗಳ ಒಂದು ರಾತ್ರಿ ಬೆಂಗಳೂರಿನಿಂದ ನನ್ನ ಮಗಳು ದೂರವಾಣಿಯಲ್ಲಿ ಮಾತನಾಡಿದಳು. ಅವಳದು ನಗರದ ಅಂಚಿನ ಬಹುಮಹಡಿ ಕಟ್ಟಡವೊಂದರ ಒಂಬತ್ತನೆಯ ಅಂತಸ್ತಿನಲ್ಲಿ ಫ್ಲ್ಯಾಟು. ಅಳಿಯ ಬೆಳಗ್ಗೆ ಎಂಟಕ್ಕೆ ಹೊರಟರೆ ಮರಳುವುದು ರಾತ್ರಿ ಒಂಬತ್ತಕ್ಕೆ. ಮಗುವಿಗೆ ಆಗ ಒಂದೂವರೆ ವರ್ಷ. ಊಟವಾಯಿತೆ, ಮಗು ಮಲಗಿತೆ ಎಂದೆಲ್ಲ ನಾನು ವಿಚಾರಿಸಿದ ಮೇಲೆ ಅವಳು ಒಂದು ಕ್ಷಣ ಸುಮ್ಮನಿದ್ದು, “ಅಮ್ಮ, ಇವತ್ತು ದೊಡ್ಡವರ ಹತ್ರ ನಾನು ಬಾಯಿಬಿಟ್ಟು ಮಾತಾಡ್ತಾ ಇರೋದು ಇದೇ ಮೊದಲು” ಎಂದಳು. ದನಿಯಲ್ಲಿ ಅಳುವಿರಲಿಲ್ಲ. ಲೆಕ್ಕ ಒಪ್ಪಿಸುವವರಂತೆ ಹೇಳಿದಳು. ಅದೇ ನನ್ನನ್ನು ಹೆದರಿಸಿತು. ಆ ವಾರವೇ ನಾನು ಬಸ್ಸು ಹತ್ತಿದೆ.

ಹೋಗಿ ನೋಡಿದರೆ ಮನೆಯಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ. ಮಗುವಿಗೆ ಆಟಿಕೆಗಳ ಒಂದು ಪೆಟ್ಟಿಗೆಯೇ ಇತ್ತು. ಆದರೆ ಹೊರಗೆ ಜಿಟಿಜಿಟಿ ಮಳೆ. ಕೆಳಗಿನ ಆಟದ ಬಯಲಿನಲ್ಲಿ ಕೆಸರು. ಬಾಗಿಲು ತೆರೆದರೆ ಓಣಿ, ಓಣಿಯ ಕೊನೆಗೆ ಲಿಫ್ಟು. ಒಂದೊಂದು ಅಂತಸ್ತಿನಲ್ಲಿ ನಾಲ್ಕು ಬಾಗಿಲು, ನಾಲ್ಕೂ ಮುಚ್ಚಿರುತ್ತಿದ್ದವು. ಮಗು ಹಟ ಹಿಡಿದಾಗ ತಾಯಿ ಮೊಬೈಲು ಕೊಡುತ್ತಿದ್ದಳು; ಕೊಟ್ಟ ಮೇಲೆ ಕೊಟ್ಟೆನಲ್ಲ ಎಂದು ಕೊರಗುತ್ತಿದ್ದಳು. ನಾನು ಬಂದದ್ದರಿಂದ ಇಬ್ಬರ ಜಾಗದಲ್ಲಿ ಮೂವರಾದೆವು, ಅಷ್ಟೆ. ನಾಲ್ಕನೆಯ ದಿನದ ಹೊತ್ತಿಗೆ ನಾನೂ ಅದೇ ಕಿಟಕಿಯ ಮುಂದೆ ನಿಂತು ಮಳೆ ನಿಲ್ಲುವುದನ್ನು ಕಾಯತೊಡಗಿದೆ.

ಎಳೆಯ ಮಗುವಿಗೆ ಮೈಯಾಡಿಸುವ ಆಟ ಸಮಯ ಕಳೆಯುವ ಉಪಾಯವಲ್ಲ, ಅನ್ನದಂತೆ ಆವಶ್ಯಕವಾದದ್ದು. ಒಂದು ವರ್ಷ ತುಂಬಿದ ಮಗುವಿನಿಂದ ನಾಲ್ಕು ವರ್ಷದ ಮಗುವಿನವರೆಗೆ ದಿನಕ್ಕೆ ಕಡಿಮೆಯೆಂದರೆ 180 ನಿಮಿಷಗಳ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಲಹೆ ಮಾಡಿತು. ಒಂದೇ ಕಡೆ ಕಟ್ಟಿಹಾಕಿದಂತೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಕೂರಿಸಬಾರದು. ಒಂದು ವರ್ಷದ ಮಗುವಿಗೆ ಪರದೆಯ ಮುಂದಿನ ನೋಟ ಬೇಡ. ಎರಡರಿಂದ ನಾಲ್ಕರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು. ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು ಎಂದೂ ಅದು ಹೇಳಿತು. ಮೂರು ಗಂಟೆಗಳ ಓಡಾಟ! ಇದನ್ನು ಎರಡು ಕೋಣೆಗಳ ಮನೆಯಲ್ಲಿ, ಮಳೆಗಾಲದಲ್ಲಿ, ಒಬ್ಬಳೇ ತಾಯಿ ಎಲ್ಲಿಂದ ತರಬೇಕು? ಉಪದೇಶ ಸುಲಭ, ಅದಕ್ಕೆ ತಕ್ಕ ಸ್ಥಳವನ್ನು ಒದಗಿಸುವುದು ಕಷ್ಟ.

ಸ್ಥಳವನ್ನು ಹುಡುಕಿ ನಾವು ಮೊದಲು ಹೋದದ್ದು ಸಮೀಪದ ಮಾಲ್ ಒಂದರಲ್ಲಿದ್ದ ಆಟದ ಮಳಿಗೆಗೆ. ಗಂಟೆಯ ಲೆಕ್ಕದಲ್ಲಿ ಹಣ. ಕಾಲಿಗೆ ಕಾಲುಚೀಲ ಕಡ್ಡಾಯ. ಒಳಗೆ ಮೆತ್ತನೆಯ ಹಾಸು, ಜಾರುಬಂಡೆ, ಬಣ್ಣಬಣ್ಣದ ಚೆಂಡುಗಳ ಕೊಳ. ಆ ಸ್ಥಳವನ್ನು ನಾನು ಹಳಿಯಲಾರೆ. ಮೊಮ್ಮಗ ಕೇಕೆ ಹಾಕಿ ನಕ್ಕದ್ದನ್ನು ನಾನು ಬೆಂಗಳೂರಿನಲ್ಲಿ ಮೊದಲ ಬಾರಿಗೆ ಕೇಳಿದ್ದು ಅಲ್ಲಿಯೆ. ಆದರೆ ಸುತ್ತಲಿನ ಬೆಂಚುಗಳ ಮೇಲೆ ಕುಳಿತಿದ್ದ ಹದಿನೈದು ಇಪ್ಪತ್ತು ತಾಯಿತಂದೆಯರಲ್ಲಿ ಯಾರೂ ಇನ್ನೊಬ್ಬರೊಡನೆ ಮಾತನಾಡಲಿಲ್ಲ. ಮುಂದಿನ ವಾರ ಹೋದಾಗ ಬೇರೆಯೇ ಮಕ್ಕಳು, ಬೇರೆಯೇ ತಾಯಂದಿರು. ಮೊಮ್ಮಗ ಹಿಂದಿನ ವಾರ ಚೆಂಡು ಕೊಟ್ಟಿದ್ದ ಹುಡುಗಿಯನ್ನು ಸ್ವಲ್ಪ ಹೊತ್ತು ಹುಡುಕಿ ಸುಮ್ಮನಾದ. ನಮಗೆ ಜಾಗ ಸಿಕ್ಕಿತ್ತು, ಜನ ಸಿಕ್ಕಿರಲಿಲ್ಲ.

ಇಲ್ಲಿ ಮಕ್ಕಳ ಆಟದ ಬಗ್ಗೆ ಒಂದು ಮಾತನ್ನು ವಿವರಿಸಬೇಕು. ಎರಡು ವರ್ಷದ ಇಬ್ಬರು ಮಕ್ಕಳನ್ನು ಒಂದು ಕಡೆ ಕೂರಿಸಿ ನೋಡಿ. ಇಬ್ಬರೂ ಮಣ್ಣು ತುಂಬುತ್ತಿರುತ್ತಾರೆ. ಆದರೆ ಒಬ್ಬರ ಮುಖವನ್ನೊಬ್ಬರು ನೋಡುವುದಿಲ್ಲ. ‘ನಮ್ಮ ಮಗು ಯಾರ ಜೊತೆಗೂ ಬೆರೆಯುವುದಿಲ್ಲ’ ಎಂದು ತಾಯಿ ಚಿಂತೆಗೊಳಗಾಗುತ್ತಾಳೆ. ಅಮೆರಿಕದ ಮಿಲ್ಡ್ರೆಡ್ ಪಾರ್ಟನ್ ಎಂಬ ವಿದುಷಿ ಶಿಶುಶಾಲೆಯ ಮಕ್ಕಳನ್ನು ತಾಳ್ಮೆಯಿಂದ ಗಮನಿಸಿ 1932ರಲ್ಲಿ ಒಂದು ಲೇಖನ ಪ್ರಕಟಿಸಿದರು. ಮಗು ಒಂಟಿಯಾಗಿ ಆಡುತ್ತದೆ. ಇತರರ ಆಟವನ್ನು ನಿಂತು ನೋಡುತ್ತದೆ. ಇತರರ ಬದಿಯಲ್ಲಿ ಕುಳಿತು ತನ್ನದೇ ಆಟ ಆಡುತ್ತದೆ. ಬಳಿಕ ವಸ್ತುಗಳನ್ನು ಕೊಟ್ಟು ಕೊಂಡು ಆಡುತ್ತದೆ. ಎಲ್ಲಕ್ಕೂ ಕೊನೆಯಲ್ಲಿ ನಿಯಮ ಕಟ್ಟಿಕೊಂಡು ಕೂಡಿ ಆಡುತ್ತದೆ ಎಂದು ಅವರು ವಿಂಗಡಿಸಿ ತೋರಿಸಿದರು. ಈ ಮೆಟ್ಟಿಲುಗಳನ್ನು ಎಲ್ಲ ಮಕ್ಕಳೂ ಒಂದೇ ಅಳತೆಯಲ್ಲಿ ಹತ್ತುವುದಿಲ್ಲ. ಹತ್ತಿದವರೂ ಮತ್ತೆ ಮತ್ತೆ ಕೆಳಗಿಳಿದು ಬರುತ್ತಾರೆ. ಆದರೂ ಒಂದು ಮಾತು ಸ್ಪಷ್ಟ. ಬದಿಯಲ್ಲಿ ಕುಳಿತು ಆಡುವುದು ಬೆರೆಯದಿರುವಿಕೆಯಲ್ಲ, ಬೆರೆಯುವುದರ ಮೊದಲ ಪಾಠ. ದೂರ ನಿಂತು ನೋಡುವುದೂ ಆಟವೇ.

ಹಾಗಾದರೆ ಈ ಪಾಠಕ್ಕೆ ಬೇಕಾದದ್ದು ಏನು? ಅದೇ ಮಕ್ಕಳು, ಅದೇ ಜಾಗದಲ್ಲಿ, ಮತ್ತೆ ಮತ್ತೆ ಸೇರುವುದು. ಇಂದು ಬದಿಯಲ್ಲಿ ಕುಳಿತವನು ನಾಳೆಯೂ ಬಂದರೆ, ನಾಡಿದ್ದು ಅವನ ಕೈಗೆ ಒಂದು ತಟ್ಟೆ ದಾಟುತ್ತದೆ. ತಾಯಂದಿರ ಮಾತೂ ಬೇರೆಯಲ್ಲ. ಮೊದಲ ದಿನ ಹೆಸರು ಕೇಳುತ್ತಾರೆ; ಮೂರನೆಯ ದಿನ ಜ್ವರಕ್ಕೆ ಏನು ಕೊಟ್ಟಿರಿ ಎಂದು ವಿಚಾರಿಸುತ್ತಾರೆ; ಹತ್ತನೆಯ ದಿನ, ‘ನನಗೆ ಕೆಲವು ಸಲ ಈ ಮಗುವಿನ ಮೇಲೆ ತಡೆಯಲಾರದಷ್ಟು ಸಿಟ್ಟು ಬರುತ್ತದೆ’ ಎಂಬ ಮಾತು ಹೊರಬರುತ್ತದೆ. ಆ ಹತ್ತನೆಯ ದಿನದ ಮಾತಿಗೆ ಎಡೆಯಿಲ್ಲದಿದ್ದರೆ ಅದು ಒಳಗೇ ಉಳಿದು ಕೊರೆಯುತ್ತದೆ.

ಇದನ್ನು ನಾನು ಪುಸ್ತಕದಿಂದ ಹೇಳುತ್ತಿಲ್ಲ. 1988ರಲ್ಲಿ ಇದೇ ಮಗಳಿಗೆ ಎರಡು ವರ್ಷ. ಹಳ್ಳಿಯ ದೊಡ್ಡ ಮನೆಯನ್ನು ಬಿಟ್ಟು ಪಟ್ಟಣದಲ್ಲಿ ಬಾಡಿಗೆಗೆ ಹಿಡಿದ ಮನೆ, ಜಗಲಿಯಿಲ್ಲ, ಗುರುತಿನವರಿಲ್ಲ. ಅಲ್ಲಿನ ಮಹಿಳಾ ಸಮಾಜದವರು ತಮ್ಮ ಹೆಂಚಿನ ಕಟ್ಟಡದಲ್ಲಿ ಶಿಶುವಿಹಾರ ನಡೆಸುತ್ತಿದ್ದರು. ಮಗುವನ್ನು ಬಿಟ್ಟು ಬರಲು ಹೋದ ನಾನು ಮಳೆ ಹೆಚ್ಚಿದ್ದರಿಂದ ಅಲ್ಲೇ ಉಳಿದೆ. ಹಿರಿಯರೊಬ್ಬರು ನನ್ನ ಕೈಗೆ ಹೊಲಿಗೆಯ ಬಟ್ಟೆಯೊಂದನ್ನು ಕೊಟ್ಟು, “ಸುಮ್ಮನೆ ಯಾಕೆ ನಿಂತಿದ್ದೀಯ, ಕೂತ್ಕೊ” ಎಂದರು. ಮಗು ಕಲಿತ ಹಾಡುಗಳನ್ನು ಮಗು ಮರೆತಿದೆ. “ಕೂತ್ಕೊ” ಎಂಬ ಆ ಮಾತನ್ನು ನಾನು ಮರೆತಿಲ್ಲ.

ನಮ್ಮ ನಾಡಿನಲ್ಲಿ ಈ ಬಗೆಯ ಕೆಲಸಕ್ಕೆ ಒಳ್ಳೆಯ ಪರಂಪರೆಯೇ ಇದೆ. ಎಳವೆಯಲ್ಲೇ ವಿಧವೆಯಾದ ಆರ್. ಕಲ್ಯಾಣಮ್ಮನವರು 1913ರಲ್ಲಿ ಬೆಂಗಳೂರಿನಲ್ಲಿ ಶಾರದಾ ಸ್ತ್ರೀ ಸಮಾಜವನ್ನು ಕಟ್ಟಿದರು, ನಾಲ್ಕು ದಶಕಗಳಷ್ಟು ಕಾಲ ‘ಸರಸ್ವತಿ’ ಪತ್ರಿಕೆಯನ್ನು ನಡೆಸಿದರು. 1938ರಲ್ಲಿ ಮಕ್ಕಳ ಕೂಟವನ್ನು ಸ್ಥಾಪಿಸಿದರು. ಚಾಮರಾಜಪೇಟೆಯಲ್ಲಿ ಆ ಹೆಸರು ಇಂದಿಗೂ ಜನರ ಬಾಯಲ್ಲಿದೆ. ‘ಕೂಟ’ ಎಂಬ ಮಾತನ್ನು ಗಮನಿಸಿ. ಅದು ಶಾಲೆಯಲ್ಲ, ಸೇರುವ ಜಾಗ. ಶಿವರಾಮ ಕಾರಂತರು ಪುತ್ತೂರಿನ ತಮ್ಮ ಬಾಲವನದಲ್ಲಿ ಮಕ್ಕಳಿಗಾಗಿ ನಡೆಸಿದ ಪ್ರಯೋಗಗಳೂ ಆ ಕಾಲದವೇ.

ನೆರೆಯ ಮಹಾರಾಷ್ಟ್ರದಲ್ಲಿ ತಾರಾಬಾಯಿ ಮೋಡಕರು ಹಾಗೂ ಅನುತಾಯಿ ವಾಘರು ಬೋರ್ಡಿಯ ಸುತ್ತಿನ ಬಡ ಮಕ್ಕಳಿಗಾಗಿ 1945ರಿಂದ ದುಡಿದರು. ಮಕ್ಕಳು ಬಾಲವಾಡಿಗೆ ಬರದಿದ್ದಾಗ ಅವರು ಬಾಲವಾಡಿಯನ್ನೇ ಮಕ್ಕಳ ಮನೆಯಂಗಳಕ್ಕೆ ಕೊಂಡೊಯ್ದರು. ಅಂಗನವಾಡಿ ಎಂಬ ಮಾತಿನ ಒಳಗೆ ಇರುವುದು ಆ ಅಂಗಳವೇ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ನಮ್ಮ ರಾಜ್ಯದಲ್ಲಿ ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ.

ಚಳಿಮಳೆಯ ಪರದೇಶಗಳ ತಾಯಂದಿರೂ ಇದೇ ದಾರಿ ಹಿಡಿದರು. ನ್ಯೂಜಿಲೆಂಡಿನ ವೆಲಿಂಗ್ಟನ್ನಿನಲ್ಲಿ, ಗಂಡಂದಿರು ಯುದ್ಧಕ್ಕೆ ಹೋಗಿದ್ದ 1941ರಲ್ಲಿ, ತಾಯಂದಿರೇ ಸರದಿಯ ಮೇಲೆ ನಡೆಸುವ ಆಟದ ಕೇಂದ್ರಗಳು ಹುಟ್ಟಿದವು. ಲಂಡನ್ನಿನ ಬೆಲ್ ಟುಟಾಯೆವ್ ಎಂಬ ತಾಯಿ ತನ್ನ ಎಳೆಯ ಮಗಳಿಗೆ ಶಿಶುಶಾಲೆಯಲ್ಲಿ ಸ್ಥಳ ಸಿಕ್ಕದಿದ್ದಾಗ ಚರ್ಚಿನ ಸಭಾಂಗಣವೊಂದರಲ್ಲಿ ನೆರೆಹೊರೆಯ ಮಕ್ಕಳನ್ನು ಸೇರಿಸಿದರು. 1961ರಲ್ಲಿ ‘ಗಾರ್ಡಿಯನ್’ ಪತ್ರಿಕೆಗೆ ಒಂದು ಕಾಗದ ಬರೆದು, ನೀವೂ ಹೀಗೆ ಮಾಡಬಹುದೆಂದರು. ಆ ಒಂದು ಕಾಗದದಿಂದ ದೇಶವ್ಯಾಪಿ ಚಳವಳಿಯೇ ಬೆಳೆಯಿತು. ಈ ಎಲ್ಲ ಕಥೆಗಳಲ್ಲಿ ಸಮಾನವಾದ ಅಂಶ ಒಂದೇ. ಯಾರೂ ಹೊಸ ಕಟ್ಟಡಕ್ಕಾಗಿ ಕಾಯಲಿಲ್ಲ. ಇದ್ದ ಅಂಗಳವನ್ನು, ಇದ್ದ ಸಭಾಂಗಣವನ್ನು ಬಳಸಿಕೊಂಡರು.

ನಮ್ಮ ಕಟ್ಟಡದ ನೆಲ ಅಂತಸ್ತಿನಲ್ಲಿಯೂ ಒಂದು ಸಭಾಂಗಣ ಇತ್ತು. ವರ್ಷಕ್ಕೆ ನಾಲ್ಕಾರು ಹುಟ್ಟುಹಬ್ಬ, ಗಣೇಶನ ಹಬ್ಬ, ರಾಜ್ಯೋತ್ಸವ. ಉಳಿದ ದಿನ ಬೀಗ. ಮಕ್ಕಳಿಗಾಗಿ ಅದನ್ನು ತೆರೆಯಿರೆಂದು ನಿವಾಸಿಗಳ ಸಂಘವನ್ನು ಕೇಳಿದೆವು. ಗೋಡೆ ಹೊಲಸಾದೀತು, ಗದ್ದಲವಾದೀತು, ಮಗು ಬಿದ್ದರೆ ಹೊಣೆ ಯಾರು ಎಂಬ ಮೂರು ಪ್ರಶ್ನೆಗಳು ಬಂದವು. ಮೂರೂ ನ್ಯಾಯವಾದವೇ. ನೆಲ ಒರೆಸುವವರು ನಾವೇ, ಹನ್ನೆರಡು ಗಂಟೆಗೆ ಮುಚ್ಚುವವರು ನಾವೇ, ತಮ್ಮ ಮಗುವಿನ ಹೊಣೆ ತಮ್ಮದೇ ಎಂದು ಬರೆದುಕೊಟ್ಟ ಮೇಲೆ ಮಂಗಳವಾರ ಮತ್ತು ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ಬೀಗದ ಕೈ ನಮ್ಮ ಕೈಸೇರಿತು. ಲಿಫ್ಟಿನ ಪಕ್ಕದಲ್ಲಿ ಒಂದು ಕಾಗದ ಅಂಟಿಸಿದೆವು. ಮೊದಲ ದಿನ ಮೂವರು ಮಕ್ಕಳು; ತಿಂಗಳ ಕೊನೆಗೆ ಹನ್ನೊಂದು. ನಮ್ಮದೇ ಅಂತಸ್ತಿನ ಎದುರು ಬಾಗಿಲಿನ ಹಿಂದೆ ಮೊಮ್ಮಗನ ವಯಸ್ಸಿನದೇ ಒಂದು ಹೆಣ್ಣುಮಗು ಇತ್ತೆಂಬುದು ನಮಗೆ ತಿಳಿದದ್ದು ಆಗಲೇ.

ಮೂವತ್ತು ವರ್ಷ ಪಾಠ ಹೇಳಿದ ನಾನು ಮೊದಲ ವಾರ ಮಾಡಿದ್ದು ದೊಡ್ಡ ತಪ್ಪು. ಮಕ್ಕಳನ್ನು ವೃತ್ತಾಕಾರದಲ್ಲಿ ಕೂರಿಸಿ ಶಿಶುಗೀತೆ ಕಲಿಸಲು ಹೊರಟೆ. ಐದು ನಿಮಿಷದಲ್ಲಿ ವೃತ್ತ ಚದುರಿತು. ಒಬ್ಬ ಪರದೆಯ ಹಿಂದೆ, ಇನ್ನೊಬ್ಬ ಕುರ್ಚಿಯ ಕೆಳಗೆ. ಎರಡನೆಯ ವಾರ ಮಗುವೊಂದು ಇನ್ನೊಂದರ ತೋಳು ಕಚ್ಚಿತು. ತಾಯಂದಿರಿಬ್ಬರ ನಡುವೆ ಮಾತು ಬೆಳೆಯಿತು. ಕೂಟ ಅಲ್ಲಿಗೇ ಮುಗಿಯಿತೆಂದು ನಾನು ಭಾವಿಸಿದೆ. ಕಚ್ಚಿಸಿಕೊಂಡ ಮಗುವಿನ ಅಜ್ಜಿ, ಮಾತು ಬಾರದವರು ಹಲ್ಲಿನಲ್ಲಿ ಮಾತನಾಡುತ್ತಾರೆ ಎಂದು ನಕ್ಕುಬಿಟ್ಟದ್ದರಿಂದ ಉಳಿಯಿತು. ಬಳಿಕ ನಾವು ಒಂದು ನಿಯಮ ಮಾಡಿಕೊಂಡೆವು. ಪಾಠ ಬೇಡ, ದೊಡ್ಡವರು ನೆಲದ ಮೇಲೆ ಕೂರಬೇಕು, ಮೊಬೈಲು ಚೀಲದಲ್ಲಿರಬೇಕು.

ಇಂಥದೊಂದನ್ನು ತಮ್ಮಲ್ಲಿಯೂ ಆರಂಭಿಸಬೇಕೆನ್ನುವವರಿಗೆ ನಮ್ಮ ಅನುಭವದ ನಾಲ್ಕು ಮಾತು ಹೇಳುತ್ತೇನೆ. ಜಾಗವನ್ನು ಹುಡುಕುವಾಗ ಬೀಗ ಹಾಕಿರುವ ಕೋಣೆಗಳನ್ನು ಮೊದಲು ನೋಡಿ. ಊರಿನ ಸಮುದಾಯ ಭವನ, ಮಹಿಳಾ ಸಮಾಜದ ಕೋಣೆ, ದೇವಸ್ಥಾನದ ಊಟದ ಮನೆ, ಶಾಲೆಯ ಖಾಲಿ ತರಗತಿ, ಮದುವೆಗಳಿಲ್ಲದ ಆಷಾಢದ ಕಲ್ಯಾಣಮಂಟಪ ಇವೆಲ್ಲ ದಿನದ ಬಹುಭಾಗ ಬರಿದಾಗಿರುತ್ತವೆ. ಸಾರ್ವಜನಿಕ ಗ್ರಂಥಾಲಯವನ್ನು ಮರೆಯಬೇಡಿ. 1965ರ ಕಾಯಿದೆಯಿಂದಾಗಿ ನಗರವಾಸಿಗಳಾದ ನಾವು ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನೂ ತೆರುತ್ತ ಬಂದಿದ್ದೇವೆ. ಅಲ್ಲಿನ ಮಕ್ಕಳ ವಿಭಾಗದಲ್ಲಿ ಒಂದು ಚಾಪೆ ಹಾಸಿರೆಂದು ಕೇಳುವುದು ಭಿಕ್ಷೆಯಲ್ಲ. ದಿನ ಮತ್ತು ಹೊತ್ತು ನಿಶ್ಚಿತವಾಗಿರಲಿ. ಇಬ್ಬರೇ ಬಂದರೂ ಬಾಗಿಲು ತೆರೆಯಲಿ. ಬಂದು ಬೀಗ ಕಂಡು ಹಿಂತಿರುಗಿದ ತಾಯಿ ಎರಡನೆಯ ಸಲ ಬರುವುದು ಕಷ್ಟ.

ಸಾಮಾನುಗಳಿಗೆ ಹೆಚ್ಚು ಹಣ ಸುರಿಯಬೇಕಾಗಿಲ್ಲ. ನಮ್ಮಲ್ಲಿ ಎಲ್ಲಕ್ಕಿಂತ ಹೆಚ್ಚು ಸವೆದದ್ದು ರಟ್ಟಿನ ಪೆಟ್ಟಿಗೆಗಳು. ಅದರೊಳಗೆ ಕೂತರೆ ಬಸ್ಸು, ಕವುಚಿ ಹಾಕಿದರೆ ಗುಹೆ. ಎರಡು ಕುರ್ಚಿಗಳ ಮೇಲೆ ಹಳೆಯ ಸೀರೆ ಹೊದಿಸಿದರೆ ಮನೆ. ಸ್ಟೀಲಿನ ಲೋಟ, ತಟ್ಟೆ, ಸೌಟು. ಚನ್ನಪಟ್ಟಣದ ಕೆಲವು ಮರದ ಗೊಂಬೆ. ಒಂದು ಎಚ್ಚರಿಕೆ ಮಾತ್ರ ಬೇಕು. ಮೂರು ವರ್ಷದೊಳಗಿನ ಮಕ್ಕಳು ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕುತ್ತಾರೆ. ಆದ್ದರಿಂದ ನಾನು ಪ್ರೀತಿಯಿಂದ ಊರಿನಿಂದ ತಂದ ಚೆನ್ನೆಮಣೆಯ ಕಾಳು, ಹುಣಿಸೆಬೀಜ, ಕವಡೆ ಎಲ್ಲವೂ ಅಲಮಾರಿನ ಮೇಲಿನ ಅರೆ ಸೇರಿದವು. ಗುಲಗಂಜಿಯಂತೂ ವಿಷ, ಅದು ಮಕ್ಕಳ ಕಣ್ಣಿಗೂ ಬೀಳಬಾರದು. ನೀರಿನ ಬಕೆಟ್ಟನ್ನು ತುಂಬಿಸಿಟ್ಟು ಕಣ್ಮರೆಯಾಗಬಾರದು. ಜ್ವರ, ಭೇದಿಯಿರುವ ಮಗು ಅಂದು ಮನೆಯಲ್ಲೇ ಉಳಿಯಬೇಕು. ಇದನ್ನು ಮೊದಲ ದಿನವೇ ಎಲ್ಲರೂ ಒಪ್ಪಿಕೊಂಡರೆ ಆಮೇಲೆ ಮುಜುಗರವಿಲ್ಲ. ಇನ್ನು, ಮೂಲೆಯಲ್ಲಿ ಹಗ್ಗ ಹೊಸೆಯುವ ಅಜ್ಜನಂಥವರು ಒಬ್ಬರಿರಬೇಕು. ಅಂಥವರು ಪ್ರತಿಯೊಂದು ಕಟ್ಟಡದಲ್ಲಿಯೂ ಇದ್ದಾರೆ. ಮಕ್ಕಳ ಮನೆಗೆ ಬಂದು, ಮಾತಿಗೆ ಜನವಿಲ್ಲದೆ ದೂರದರ್ಶನದ ಮುಂದೆ ಕುಳಿತ ನನ್ನಂಥ ಹಿರಿಯರನ್ನು ಕರೆದರೆ ಸಾಕು.

ಈಗ ಆರಂಭದಲ್ಲಿ ಹೇಳುತ್ತೇನೆಂದ ಆ ಕೊರತೆಯ ಮಾತು.

ನಮ್ಮ ಕೂಟ ಎರಡು ತಿಂಗಳು ನಡೆದಿತ್ತು. ಸಭಾಂಗಣದ ಗಾಜಿನ ಬಾಗಿಲಿನ ಆಚೆಗೆ ಎರಡೂವರೆ ವರ್ಷದ ಹುಡುಗಿಯೊಬ್ಬಳು ಬಂದು ನಿಲ್ಲುತ್ತಿದ್ದಳು. ರಾತ್ರಿ ಪಾಳಿಯ ಕಾವಲುಗಾರನ ಮಗಳು, ಯಾದಗಿರಿ ಕಡೆಯವರು. ತಾಯಿ ಅದೇ ಕಟ್ಟಡದ ಮೆಟ್ಟಿಲುಗಳನ್ನು ಗುಡಿಸುತ್ತಿದ್ದಳು. ಹುಡುಗಿ ಗಾಜಿಗೆ ಮೂಗು ಒತ್ತಿ ನಿಲ್ಲುತ್ತಿದ್ದುದನ್ನು ನಾನು ಎಷ್ಟೋ ಸಲ ಕಂಡಿದ್ದೆ. ಕಂಡೂ ಕರೆದಿರಲಿಲ್ಲ. ಕರೆಯಬಾರದೆಂಬ ಭಾವನೆಯಿರಲಿಲ್ಲ, ಕರೆಯಬೇಕೆಂದು ಹೊಳೆದಿರಲಿಲ್ಲ. ಯಾವುದು ಹೆಚ್ಚು ಕೆಟ್ಟದ್ದೆಂದು ನೀವೇ ಹೇಳಿ.

ನಮ್ಮ ಊರಿನ ಜಗಲಿಗೂ ಎಲ್ಲರೂ ಹತ್ತುತ್ತಿರಲಿಲ್ಲ. ಗದ್ದೆ ಕೆಲಸಕ್ಕೆ ಬಂದವರ ಮಕ್ಕಳು ಅಂಗಳದ ಅಂಚಿನಲ್ಲಿ, ಕೊಟ್ಟಿಗೆಯ ಮಾಡಿನ ಕೆಳಗೆ ನಿಂತು ನಮ್ಮ ಆಟ ನೋಡುತ್ತಿದ್ದರು. ನಾನು ಇಷ್ಟು ಹೊತ್ತು ಬಣ್ಣಿಸಿದ ಆ ಜಗಲಿಗೆ ನಾಲ್ಕೇ ಮೆಟ್ಟಿಲು. ಆ ಮಕ್ಕಳಿಗೆ ಅದು ಬೆಟ್ಟವಾಗಿತ್ತು. ಅವರಲ್ಲಿ ಒಬ್ಬಳ ಮುಖ ಇಂದಿಗೂ ನನಗೆ ನೆನಪಿದೆ. ಹೆಸರು ನೆನಪಿಲ್ಲ. ಕೇಳಿದ್ದರಲ್ಲವೆ ನೆನಪಿರುವುದು! ಗಾಜಿನ ಆಚೆಗಿನ ಮುಖವನ್ನು ನೋಡುತ್ತಿದ್ದಾಗ ಒಂದು ದಿನ ಥಟ್ಟನೆ ಆ ಮುಖ ಕಣ್ಣಮುಂದೆ ಬಂತು. ಎದ್ದು ಹೋಗಿ ಬಾಗಿಲು ತೆರೆದೆ. ತಾಯಿ ಪೊರಕೆ ಹಿಡಿದೇ ಓಡಿಬಂದು, “ಬ್ಯಾಡ್ರಿ ಅಮ್ಮಾ, ಆಕಿ ಹೊರಗ ನಿಂತು ನೋಡತಾಳ” ಎಂದಳು. ನಾನು ಹುಡುಗಿಯ ಹೆಸರು ಕೇಳಿದೆ. ತಾಯಿ ಹೇಳಿದಳು. ಹುಡುಗಿ ಒಳಗೆ ಬಂದು ರಟ್ಟಿನ ಪೆಟ್ಟಿಗೆಯ ಪಕ್ಕದಲ್ಲಿ ಕುಳಿತು, ಯಾರ ಮುಖವನ್ನೂ ನೋಡದೆ, ಲೋಟದಿಂದ ಲೋಟಕ್ಕೆ ಏನೂ ಇಲ್ಲದ್ದನ್ನು ಸುರಿಯತೊಡಗಿದಳು. ಹತ್ತಿರದಲ್ಲಿ ನನ್ನ ಮೊಮ್ಮಗ ತನ್ನ ಲೋಟದಿಂದ ಅದನ್ನೇ ಸುರಿಯುತ್ತಿದ್ದ.

ಮುಂದಿನ ತಿಂಗಳ ಸಂಘದ ಸಭೆಯಲ್ಲಿ ಈ ಮಾತು ಬಂತು. ಸಭಾಂಗಣ ನಿವಾಸಿಗಳಿಗೆ ಮಾತ್ರ, ಹೊರಗಿನವರಿಗೆ ಬಾಗಿಲು ತೆರೆದರೆ ನಿಯಮ ಎಲ್ಲಿ ಉಳಿಯಿತು ಎಂದರು ಒಬ್ಬರು. ನಾನು ಉತ್ತರ ಕೂಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ, ಹಿಂದಿನ ಜುಲೈನಲ್ಲಿ ಮಾತಿಗೆ ಒಬ್ಬರೂ ಸಿಕ್ಕದೆ ಒದ್ದಾಡಿದ್ದ ನನ್ನ ಮಗಳು ಎದ್ದು ನಿಂತಳು. “ಅವಳ ಅಪ್ಪ ರಾತ್ರಿಯೆಲ್ಲ ಎಚ್ಚರ ಇದ್ದು ನಮ್ಮ ಬಾಗಿಲು ಕಾಯ್ತಾರೆ. ಅವರು ಹೊರಗಿನವರು ಹೇಗಾಗ್ತಾರೆ?” ಎಂದಳು. ಯಾರೂ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ನಿರ್ಣಯವೂ ಆಗಲಿಲ್ಲ. ಎರಡು ಮನೆಯವರು ತಮ್ಮ ಮಕ್ಕಳನ್ನು ಕಳಿಸುವುದನ್ನು ನಿಲ್ಲಿಸಿದರು. ಅವರಲ್ಲಿ ಒಬ್ಬರು ಆರು ತಿಂಗಳ ಮೇಲೆ ಮರಳಿ ಬಂದರು, ಇನ್ನೊಬ್ಬರು ಬರಲಿಲ್ಲ. ಮಂಗಳವಾರ ಮತ್ತು ಶುಕ್ರವಾರ ಬಾಗಿಲು ತೆರೆಯುತ್ತಲೇ ಇತ್ತು.

ಈ ಹುಡುಗಿಗಾಗಿಯೇ ನಾವು ಎರಡು ಬೀದಿಯಾಚೆಗಿನ ಅಂಗನವಾಡಿಯ ಬಾಗಿಲನ್ನೂ ಮೊದಲ ಬಾರಿಗೆ ತುಳಿದೆವು. ಮೂರು ತುಂಬಿದ ಮೇಲೆ ಅವಳು ಅಲ್ಲಿ ಸೇರಿದಳು. ಒಂದೇ ಕೋಣೆ, ತುಂಬ ಮಕ್ಕಳು, ಅವರೆಲ್ಲರ ಹೆಸರು ಬಲ್ಲ ಒಬ್ಬ ಕಾರ್ಯಕರ್ತೆ. ನಾವು ಕೊಟ್ಟದ್ದು ಒಂದು ಚಾಪೆ, ಒಂದಿಷ್ಟು ಗೊಂಬೆ, ಪಡೆದುಕೊಂಡದ್ದು ಹೆಚ್ಚು. ಅಳುವ ಮಗುವನ್ನು ಸುಮ್ಮನಾಗಿಸಲು ಅವರು ಅದನ್ನು ಎತ್ತಿಕೊಳ್ಳುತ್ತಿರಲಿಲ್ಲ. ಅದರ ಪಕ್ಕದಲ್ಲಿ ಕುಳಿತು ತಾವೇ ಆಡತೊಡಗುತ್ತಿದ್ದರು. ಪಾರ್ಟನ್ ಅವರ ಲೇಖನವನ್ನು ಅವರು ಓದಿರಲಿಕ್ಕಿಲ್ಲ; ಓದುವ ಅಗತ್ಯವೂ ಇರಲಿಲ್ಲ.

ಹಳ್ಳಿಗಳ ಮಾತೂ ಬೇರೆಯಲ್ಲ. ದುಡಿಯಲು ಹೋಗುವ ತಾಯಂದಿರ ಕೂಸುಗಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯುವುದಾಗಿ ರಾಜ್ಯ ಸರಕಾರ 2023-24ರ ಆಯವ್ಯಯದಲ್ಲಿ ಘೋಷಿಸಿತು. ಹೆಸರು ಎಷ್ಟು ಚೆನ್ನಾಗಿದೆ! ಆದರೆ ಮನೆಯನ್ನು ಸರಕಾರ ಕಟ್ಟಬಹುದು. ಅದರ ಜಗಲಿಯಲ್ಲಿ ಬಂದು ಕೂರಬೇಕಾದವರು ಊರಿನವರು.

ಮೊಮ್ಮಗ ಈಗ ಶಾಲೆಗೆ ಹೋಗುತ್ತಾನೆ. ನಾನು ಊರಿಗೆ ಮರಳಿದ್ದೇನೆ. ನಮ್ಮ ಹಳೆಯ ಜಗಲಿಗೆ ಕಬ್ಬಿಣದ ಸರಳುಗಳ ಜಾಲರಿ ಬಂದಿದೆ, ಮಕ್ಕಳು ಪರಊರಿನಲ್ಲಿದ್ದಾರೆ, ಚೆನ್ನೆಮಣೆ ಅಟ್ಟದಲ್ಲಿದೆ. ಕಳೆದ ವಾರ ಮಗಳು ದೂರವಾಣಿಯಲ್ಲಿ ಸಿಕ್ಕಾಗ ಹಿನ್ನೆಲೆಯಲ್ಲಿ ಮಕ್ಕಳ ಗದ್ದಲ. ಹೊಸದಾಗಿ ಬಂದ ಮನೆಯವಳೊಬ್ಬಳು ಬಾಗಿಲಿನಲ್ಲಿ ಮಗುವನ್ನೆತ್ತಿಕೊಂಡು ಒಳಗೆ ಬರಲೋ ಬೇಡವೋ ಎಂದು ನಿಂತಿದ್ದಾಳೆ, ಆಮೇಲೆ ಮಾತಾಡುತ್ತೇನೆ ಎಂದಳು. ದೂರವಾಣಿಯನ್ನು ಕೆಳಗಿಡುವ ಮೊದಲು ಅವಳು ಆ ತಾಯಿಗೆ ಹೇಳಿದ ಮಾತು ನನಗೂ ಕೇಳಿಸಿತು.

“ಯಾಕೆ ನಿಂತಿದ್ದೀರಿ, ಕೂತ್ಕೊಳ್ಳಿ.”

(ಬಾನುಲಿ ಭಾಷಣ)